ಸೈಲೆನ್ಸರ್ ಡಬ್ಬದೊಳಗೆ ಮೈಲುತುತ್ತ

ಮೂರು ವರ್ಷದ ಹಿಂದೆ ಒಂದು ಟಿಪ್ಪರ್‌ಗೆ ಹೊಸ ಸೈಲೆನ್ಸರ್ ಡಬ್ಬ ಹಾಕಿಸಿ ಅಂತ ಹೇಳಿದವನು ನಾನೇ. ಮಾಲೀಕರು ಸಾಲ ಮಾಡಿ ಹಾಕಿಸಿದರು. ಲಕ್ಷಗಳ ಮಾತು ಅದು. ಐದೇ ತಿಂಗಳಿಗೆ ಗಾಡಿ ವಾಪಸ್ ಬಂತು. ಅದೇ ಲೈಟು, ಅದೇ ಕೋಡು, ಅದೇ ಡ್ರೈವರು. ಮಾತೂ ಅದೇ: “ಮೇಸ್ತ್ರಿ, ಗಾಡಿ ಎಳೀವಲ್ದು ನೋಡ್ರಿ.”

ಹಳೆ ಡಬ್ಬ ಇನ್ನೂ ನನ್ನ ಶೆಡ್ಡಿನ ಮೂಲೆಯಲ್ಲೇ ಬಿದ್ದಿತ್ತು. ಸ್ಕ್ರಾಪಿನವನ ಜೊತೆ ರೇಟು ಕುದುರಿರಲಿಲ್ಲ, ಅದಕ್ಕೆ ಉಳಿದಿತ್ತು ಅಷ್ಟೇ. ಅದನ್ನೇ ತಿರುಗಿ ಹಾಕಿ, ಸರಿಯಾಗಿ ಕಾಯಿಸಿ, ಒಳ್ಳೆ ಡೀಸೆಲ್ ತುಂಬಿ ಓಡಿಸಿದೆ. ಗಾಡಿ ಸರಿಹೋಯಿತು. ಅಂದರೆ ನಾನು ಸತ್ತಿದೆ ಅಂತ ಹೇಳಿದ ಡಬ್ಬ ಸತ್ತೇ ಇರಲಿಲ್ಲ. ಅದಕ್ಕೆ ಗಂಧಕದ ವಿಷ ಏರಿತ್ತು. ಆ ಮಾಲೀಕರು ಇವತ್ತಿಗೂ ನನ್ನ ಹತ್ತಿರವೇ ಗಾಡಿ ಬಿಡುತ್ತಾರೆ. ಅದು ಅವರ ದೊಡ್ಡತನ.

ನನ್ನ ಗ್ಯಾರೇಜು ಕುಡತಿನಿ ಹತ್ತಿರ, ಬಳ್ಳಾರಿ–ಹೊಸಪೇಟೆ ರಸ್ತೆಯ ಮೇಲಿದೆ. ಒಂದು ಕಡೆ ಥರ್ಮಲ್ ಸ್ಟೇಷನ್ನಿನ ಚಿಮಣಿ ಕಾಣುತ್ತದೆ. ಮುಂದೆ ಹೋದರೆ ತೋರಣಗಲ್ಲಿನ ಸ್ಟೀಲ್ ಕಾರ್ಖಾನೆ. ಬರುವ ಗಾಡಿಗಳೆಲ್ಲ ಸಂಡೂರು ಕಡೆಯ ಅದಿರು ಟಿಪ್ಪರು, ಹಾರುಬೂದಿ ಟ್ಯಾಂಕರು, ಸುಗ್ಗಿಯಲ್ಲಿ ಹತ್ತಿ ಮತ್ತು ಮೆಣಸಿನಕಾಯಿ ಲಾರಿ. ಇದನ್ನು ಆ ಗಾಡಿಗಳ ಮಾಲೀಕರಿಗೂ, ನನ್ನಂಥ ಮೇಸ್ತ್ರಿಗಳಿಗೂ ಬರೆಯುತ್ತಿದ್ದೇನೆ. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಇಲ್ಲದವರು ಮುಂದಿನದನ್ನು ಓದಿಕೊಂಡು, ಸ್ಕ್ಯಾನರ್ ಇರುವವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಡಬ್ಬದಲ್ಲಿ ಏನಿದೆ, ವಿಷ ಎಲ್ಲಿ ಕೂರುತ್ತದೆ

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6, ಅಂದರೆ ಹೊಸ ಹೊಗೆ ನಿಯಮದ ಲಾರಿಗಳ ಮಾತಿದು. ಹೊರಗಿನಿಂದ ಒಂದೇ ದೊಡ್ಡ ಡಬ್ಬ ಕಂಡರೂ ಒಳಗೆ ಮೂರು ನಾಲ್ಕು ಕೋಣೆ. ಮೊದಲು, ಹೊಗೆಯಲ್ಲಿ ಸುಡದೆ ಉಳಿದದ್ದನ್ನು ಸುಡುವ, ಪ್ಲಾಟಿನಂ ಬಳಿದ ಡಿಒಸಿ. ಆಮೇಲೆ ಮಸಿ ಹಿಡಿಯುವ ಡಿಪಿಎಫ್. ಅದನ್ನು ದಾಟಿದ ಹೊಗೆಗೆ ಡಿಇಎಫ್, ಅಂದರೆ ಯೂರಿಯಾ ಕಲಸಿದ ನೀರು, ಚಿಮ್ಮುತ್ತದೆ. ನಮ್ಮ ಡ್ರೈವರುಗಳ ಬಾಯಲ್ಲಿ ಅದು ಸುಮ್ನೆ ‘ಯೂರಿಯಾ’. ಕೊನೆಗೆ ಎಸ್‌ಸಿಆರ್. ಯೂರಿಯಾದಿಂದ ಹುಟ್ಟಿದ ಅಮೋನಿಯಾ ಇಲ್ಲಿ ಹೊಗೆಯ ನೈಟ್ರೋಜನ್ ಆಕ್ಸೈಡನ್ನು ಹಿಡಿದು, ಎರಡೂ ಸೇರಿ ಬರೀ ನೈಟ್ರೋಜನ್ನೂ ನೀರಾವಿಯೂ ಆಗಿ ಹೊರಗೆ ಹೋಗುತ್ತವೆ.

ಈ ಎಸ್‌ಸಿಆರ್ ಕೋಣೆಯ ಜೇನುಗೂಡಿಗೆ ಬಳಿದಿರುವುದೇ ಜಿಯೊಲೈಟ್. ಬಳ್ಳಾರಿಯ ವಿಶ್ವವಿದ್ಯಾಲಯದಲ್ಲಿ ಕೆಮಿಸ್ಟ್ರಿ ಎಂಎಸ್‌ಸಿ ಓದುವ ನನ್ನ ಅಕ್ಕನ ಮಗಳು ಬಿಡಿಸಿ ಹೇಳುವವರೆಗೂ ನನಗೆ ಅದು ಬರೀ ಬೂದು ಬಣ್ಣದ ಮಣ್ಣು. “ಮಾವ, ಇದು ಕುದಿಯೋ ಕಲ್ಲು” ಅಂದಳು. 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಎಂಬುವವನು ಒಂದು ಕಲ್ಲನ್ನು ಬೆಂಕಿಗೆ ಹಿಡಿದನಂತೆ. ಒಳಗಿನ ನೀರು ಕುದ್ದು ಬುಸುಗುಟ್ಟಿತು. ಅದರಿಂದ ಆ ಹೆಸರು. ಮಹಾರಾಷ್ಟ್ರದ ಕರಿಕಲ್ಲಿನ ಗುಡ್ಡಗಳಲ್ಲಿ ಈ ಜಾತಿಯ ಕಲ್ಲು ಬೇಕಾದಷ್ಟು ಸಿಗುತ್ತದೆ. ಲಾರಿಗೆ ಹಾಕುವುದು ಮಾತ್ರ ಕಾರ್ಖಾನೆಯಲ್ಲಿ ಮಾಡಿದ್ದು. ಎಸ್‌ಎಸ್‌ಝಡ್-13 ಅಂತ ಅದರ ಹೆಸರು. ಮೈತುಂಬ ತೂತು, ಒಂದೊಂದು ತೂತೂ 0.38 ನ್ಯಾನೋಮೀಟರ್. ಒಂದು ಮಿಲಿಮೀಟರ್ ಉದ್ದಕ್ಕೆ ಸಾಲಾಗಿ ಜೋಡಿಸಿದರೆ 26 ಲಕ್ಷ ತೂತು ಹಿಡಿಯುತ್ತವೆ. ಆ ತೂತುಗಳ ಒಳಗೆ ಅಲ್ಲಲ್ಲಿ ಒಂದೊಂದು ತಾಮ್ರದ ಕಣ ಕೂತಿದೆ. ಕೆಲಸ ಮಾಡುವುದು ಆ ತಾಮ್ರ.

ಈಗ ಗಂಧಕದ ದಾರಿ ನೋಡಿ. ಡೀಸೆಲ್‌ನಲ್ಲಿದ್ದ ಗಂಧಕ ಇಂಜಿನ್ನಿನಲ್ಲಿ ಸುಟ್ಟು ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಡಿಒಸಿಯ ಪ್ಲಾಟಿನಂ ಅದರಲ್ಲಿ ಒಂದಷ್ಟನ್ನು ಸಲ್ಫರ್ ಟ್ರೈಆಕ್ಸೈಡ್ ಮಾಡಿ ಕಳಿಸುತ್ತದೆ. ಇದು ಮೊದಲಿನದಕ್ಕಿಂತ ಕೆಟ್ಟದ್ದು. ಎಸ್‌ಸಿಆರ್ ಕೋಣೆಯಲ್ಲಿ ಅಮೋನಿಯಾ, ನೀರಾವಿ, ತಾಮ್ರ ಮೂರೂ ಕಾಯುತ್ತಿರುತ್ತವೆ. ಅಲ್ಲಿ ಎರಡು ಬಗೆಯ ಕೊಳೆ ಹುಟ್ಟುತ್ತದೆ.

ಒಂದು, ಅಮೋನಿಯಂ ಸಲ್ಫೇಟ್. ರೈತರು ಗದ್ದೆಗೆ ಎರಚುವ ಅದೇ ಗೊಬ್ಬರ. ತೂತಿನ ಬಾಯಿ ಮುಚ್ಚುವುದು ಇದರ ಕೆಲಸ. ಇನ್ನೊಂದು, ಗಂಧಕ ನೇರವಾಗಿ ತಾಮ್ರಕ್ಕೆ ಅಂಟಿ ಆಗುವ ತಾಮ್ರದ ಸಲ್ಫೇಟು. ಕೊಪ್ಪಳದ ಕಡೆ ದಾಳಿಂಬೆ ತೋಟದವರು ಸುಣ್ಣದ ಜೊತೆ ಕಲಸಿ ಹೊಡೆಯುತ್ತಾರಲ್ಲ ಮೈಲುತುತ್ತ, ಅದರ ಅಣ್ಣತಮ್ಮ. ನೀಲಿ ಹರಳೇನೂ ಡಬ್ಬದಲ್ಲಿ ಕಾಣುವುದಿಲ್ಲ, ಬಿಚ್ಚಿ ಹುಡುಕಬೇಡಿ.

ಇವೆರಡನ್ನು ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳಿ. ಗೊಬ್ಬರ 350–400 ಡಿಗ್ರಿ ಬಿಸಿಗೆ ಬಿಟ್ಟುಹೋಗುತ್ತದೆ. ಮೈಲುತುತ್ತದ ತಮ್ಮ ಹಟಮಾರಿ. ಅದಕ್ಕೆ 500 ದಾಟಬೇಕು, ಚೆನ್ನಾಗಿ ಬಿಡಬೇಕಾದರೆ 550–600. ನಾನು ಮೊದಲ ಸಲ ಎಡವಿದ್ದು ಇಲ್ಲೇ. ಹೆದ್ದಾರಿಯಲ್ಲಿ ಒಂದು ಸುತ್ತು ಜೋರಾಗಿ ಓಡಿಸಿ, ಸ್ವಲ್ಪ ಸುಧಾರಿಸಿದ್ದನ್ನು ಕಂಡು, ಉಳಿದದ್ದು ಡಬ್ಬದ ಹಣೆಬರಹ ಅಂತ ತೀರ್ಮಾನ ಮಾಡಿದ್ದೆ. ಗೊಬ್ಬರ ಹೋಗಿತ್ತು, ಮೈಲುತುತ್ತ ಉಳಿದಿತ್ತು.

ಅದಿರು ಗಾಡಿಗೇ ಯಾಕೆ ಜಾಸ್ತಿ

ಗಣಿ ಇರುವುದು ಗುಡ್ಡದ ಮೇಲೆ. ಟಿಪ್ಪರು ಖಾಲಿ ಹತ್ತುತ್ತದೆ, ಲೋಡು ಹೊತ್ತು ಇಳಿಯುತ್ತದೆ. ಹತ್ತುವಾಗ ಭಾರ ಇಲ್ಲ, ಇಳಿಯುವಾಗ ಆಕ್ಸಿಲರೇಟರ್ ಒತ್ತುವುದಿಲ್ಲ. ಕೆಳಗೆ ಬಂದರೆ ವೇಬ್ರಿಜ್ಜಿನ ಸಾಲು, ಅಲ್ಲಿ ಒಂದು ತಾಸು ಐಡಲ್. ಸೈಡಿಂಗಿನಲ್ಲಿ ಇನ್ನೊಂದು ತಾಸು. ಡಬ್ಬ ಯಾವತ್ತೂ ಸರಿಯಾಗಿ ಕಾಯುವುದೇ ಇಲ್ಲ. ಅದೇ ಡೀಸೆಲ್ ಹಾಕಿಕೊಂಡು ರಾಯಚೂರಿನಿಂದ ಮಂಗಳೂರಿಗೆ ಅಕ್ಕಿ ಹೊಡೆಯುವ ಲಾರಿಗೆ ವಾಪಸ್ ಲೋಡಿನಲ್ಲಿ ಘಟ್ಟ ಹತ್ತುವಾಗ ತಾನಾಗಿಯೇ ಅರ್ಧ ಕೊಳೆ ಕಳೆಯುತ್ತದೆ. ಹಾಗಾಗಿ “ಅವನ ಗಾಡಿ ಚೆನ್ನಾಗೈತಿ, ನಂದಕ್ಕೇ ಯಾಕ ಹಿಂಗ” ಅನ್ನುವ ಮಾಲೀಕರಿಗೆ ಉತ್ತರ ಅವರ ರೂಟಿನಲ್ಲೇ ಇದೆ.

ಎರಡನೆಯ ಕಾರಣ ಡೀಸೆಲ್. ಬಿಎಸ್-3 ಕಾಲದಲ್ಲಿ ಡೀಸೆಲ್‌ಗೆ 350 ಪಿಪಿಎಂ (ಹತ್ತು ಲಕ್ಷ ಪಾಲಿಗೆ 350 ಪಾಲು) ಗಂಧಕ ಇರಬಹುದಿತ್ತು. ಬಿಎಸ್-4ರಲ್ಲಿ 50. ಈಗ ಬಂಕಿನ ಡೀಸೆಲ್‌ಗೆ 10 ಪಿಪಿಎಂ ಮಿತಿ. 300 ಲೀಟರ್ ಟ್ಯಾಂಕು ತುಂಬಿಸಿದರೆ ಸುಮಾರು 250 ಕೆಜಿ ಡೀಸೆಲ್, ಅದರಲ್ಲಿ ಹೆಚ್ಚೆಂದರೆ 2.5 ಗ್ರಾಂ ಗಂಧಕ. ಒಂದು ಚಿಟಿಕೆ.

ಈಗ ಅದೇ ಟ್ಯಾಂಕಿಗೆ ಡ್ರೈವರು 30 ಲೀಟರ್ ಅಗ್ಗದ ಎಣ್ಣೆ ಬೆರೆಸಿದ ಅಂದುಕೊಳ್ಳಿ. ಅದರಲ್ಲಿ 2000 ಪಿಪಿಎಂ ಗಂಧಕ ಇದ್ದರೆ ಆ ಮೂವತ್ತು ಲೀಟರೇ ಸುಮಾರು 50 ಗ್ರಾಂ ತರುತ್ತದೆ. ಇಪ್ಪತ್ತು ಟ್ಯಾಂಕಿನ ವಿಷ ಒಂದೇ ಟ್ಯಾಂಕಿನಲ್ಲಿ. ಕುಲುಮೆಗೆ ಹಾಕುವ ಫರ್ನೇಸ್ ಆಯಿಲ್, ಎಲ್‌ಡಿಒಗಳಲ್ಲಿ ಗಂಧಕವನ್ನು ಪಿಪಿಎಂನಲ್ಲಿ ಅಲ್ಲ, ಶೇಕಡಾ ಲೆಕ್ಕದಲ್ಲೇ ಹೇಳುತ್ತಾರೆ. ಶೇಕಡಾ 1 ಅಂದರೆ 10,000 ಪಿಪಿಎಂ. ಸೀಮೆಎಣ್ಣೆಯೂ ಬಂಕಿನ ಡೀಸೆಲ್‌ಗಿಂತ ಎಷ್ಟೋ ಪಟ್ಟು ಹೊಲಸು.

ನನ್ನ ಆ ಟಿಪ್ಪರಿನ ಕಥೆಯೂ ಇದೇ. ರಸ್ತೆ ಬದಿಯ ಒಂದು ಶೆಡ್ಡಿನಲ್ಲಿ ‘ಬಯೋ ಡೀಸೆಲ್’ ಅಂತ ಬ್ಯಾರೆಲ್‌ನಿಂದ ಹಾಕುತ್ತಿದ್ದರು. ನಿಜವಾದ ಬಯೋಡೀಸೆಲ್‌ನಲ್ಲಿ ಗಂಧಕ ಕಡಿಮೆಯೇ ಇರುತ್ತದೆ. ಅಲ್ಲಿ ಆ ಹೆಸರಿನಲ್ಲಿ ಮಾರುತ್ತಿದ್ದದ್ದು ಬೇರೇನೋ. ಡ್ರೈವರು ದಿನಕ್ಕೊಂದು ಕ್ಯಾನ್ ಅಲ್ಲಿ ಹಾಕಿ, ಬಂಕಿನ ಬಿಲ್ಲು ತೋರಿಸಿ, ಮಿಕ್ಕಿದ್ದರಲ್ಲಿ ಮಿರ್ಚಿ ಒಗ್ಗರಣೆ ತಿನ್ನುತ್ತಿದ್ದ. ಪಾಪ, ಅವನಿಗೆ ಉಳಿದದ್ದು ದಿನಕ್ಕೆ ನೂರಿನ್ನೂರು. ಡಬ್ಬದ ಬೆಲೆ ಅವನಿಗೆ ಯಾರೂ ಹೇಳಿರಲಿಲ್ಲ.

ಮೊದಲು ಬೇರೆಯವರ ಮೇಲೆ ಅನುಮಾನ ಪಡಿ

ಸ್ಕ್ಯಾನರ್‌ನಲ್ಲಿ ಎಸ್‌ಪಿಎನ್ 4364 ಅಥವಾ ಪಿ20ಇಇ ಬಂತು ಅಂದರೆ ಎಸ್‌ಸಿಆರ್ ತನ್ನ ಕೆಲಸ ಸರಿಯಾಗಿ ಮಾಡುತ್ತಿಲ್ಲ ಅಂತ ಅರ್ಥ. ಯಾಕೆ ಮಾಡುತ್ತಿಲ್ಲ ಅಂತ ಆ ಕೋಡು ಹೇಳುವುದಿಲ್ಲ. ಬಿಟ್ಟರೆ ಮೊದಲು ಎಳೆತ ಕಡಿಮೆಯಾಗುತ್ತದೆ, ಕೊನೆಗೆ ಗಾಡಿ 20 ಕಿಮೀ ವೇಗಕ್ಕೆ ಬಂದು ನಿಲ್ಲುತ್ತದೆ. ಗಾಬರಿಯಲ್ಲಿ ಮಾಲೀಕ ಡಬ್ಬ ಬದಲಿಸುವುದು ಆಗಲೇ. ಅದಕ್ಕೆ ಮೊದಲು ಇಷ್ಟು ನೋಡಿ.

ಯೂರಿಯಾದಿಂದ ಶುರು ಮಾಡಿ. ಹತ್ತು ಗಾಡಿ ಬಂದರೆ ಜಾಸ್ತಿ ಗಾಡಿಯಲ್ಲಿ ತಪ್ಪು ಅಲ್ಲೇ ಇರುತ್ತದೆ. ಯೂರಿಯಾ ಶೇಕಡಾ ಎಷ್ಟಿದೆ ಅಂತ ತೋರಿಸುವ ಒಂದು ರಿಫ್ರಾಕ್ಟೋಮೀಟರ್ ಇಟ್ಟುಕೊಳ್ಳಿ, ದುಬಾರಿಯಲ್ಲ. ಎರಡು ಹನಿ ಹಾಕಿ ಬೆಳಕಿಗೆ ಹಿಡಿದರೆ 32.5 ತೋರಿಸಬೇಕು. 31.8ರಿಂದ 33.2ರವರೆಗೆ ಒಪ್ಪಬಹುದು. ಬಿಸಿಲಲ್ಲಿ ಕಾದ ಕ್ಯಾನಿನಿಂದ ತೆಗೆದು ನೋಡಬೇಡಿ, ನೆರಳಲ್ಲಿ ಆರಿಸಿ. ನಮ್ಮ ಬಳ್ಳಾರಿ ಬಿಸಿಲಿಗೆ ಡಿಇಎಫ್ ಬೇಗ ಹಳಸುತ್ತದೆ. 30 ಡಿಗ್ರಿಯಲ್ಲಿ ಇಟ್ಟರೆ ಒಂದು ವರ್ಷ ಬಾಳುತ್ತದೆ, 35ರಲ್ಲಿ ಆರೇ ತಿಂಗಳು. ತಗಡಿನ ಶೆಡ್ಡಿನೊಳಗೆ ಏಪ್ರಿಲ್ ತಿಂಗಳಲ್ಲಿ ಎಷ್ಟಿರುತ್ತದೆ ಅಂತ ನಿಮಗೆ ಗೊತ್ತೇ ಇದೆ.

ಅಂಕಿ ಸರಿ ಬಂತು ಅಂದರೂ ಪೂರ್ತಿ ನಂಬಬೇಡಿ. ಹೊಲದ ಯೂರಿಯಾ ಚೀಲ ಒಡೆದು ಬೋರ್ ನೀರಿಗೆ ಕಲಸಿದರೂ ಮೀಟರು 32.5 ತೋರಿಸುತ್ತದೆ. ಚೀಲದ ಯೂರಿಯಾಗೆ ಬೇವಿನೆಣ್ಣೆ ಬಳಿದಿರುತ್ತಾರೆ. ನಮ್ಮ ಕಡೆಯ ಬೋರ್ ನೀರು ಎಷ್ಟು ಗಡಸು ಅಂತ ನಿಮ್ಮ ಮನೆ ಪಾತ್ರೆಯ ತಳ ನೋಡಿದರೆ ತಿಳಿಯುತ್ತದೆ. ಆ ಸುಣ್ಣ, ಉಪ್ಪು ಎಲ್ಲ ಡಬ್ಬಕ್ಕೇ ಹೋಗುತ್ತದೆ, ಅದನ್ನು ಯಾವ ಬಿಸಿಯೂ ಹೊರಗೆ ಹಾಕುವುದಿಲ್ಲ. ಮೂಸಿ ನೋಡಿ. ಬೇವಿನ ವಾಸನೆ, ಮೇಲೆ ಎಣ್ಣೆ ಪೊರೆ ಇದ್ದರೆ ಟ್ಯಾಂಕೇ ತೊಳೆಯಿರಿ. ಸಬ್ಸಿಡಿ ಗೊಬ್ಬರವನ್ನು ಹೀಗೆ ತಿರುಗಿಸುವುದು ಕೇಸಿನ ಮಾತು ಕೂಡ.

ಆಮೇಲೆ ಯೂರಿಯಾ ಚಿಮ್ಮುವ ನಾಝಲ್ ಬಿಚ್ಚಿ. ಸುತ್ತ ಬಿಳಿ ಕಲ್ಲು ಕಟ್ಟಿದ್ದರೆ ಬಿಸಿನೀರಲ್ಲಿ ನೆನೆಹಾಕಿ ತೆಗೆಯಿರಿ, ಕಬ್ಬಿಣದ ಬ್ರಷ್ ಬೇಡ. ಅಳತೆ ಜಾರಿಗೆ ಚಿಮ್ಮಿಸಿ, ಪುಸ್ತಕದಲ್ಲಿ ಹೇಳಿದಷ್ಟು ಬರುತ್ತದಾ ನೋಡಿ. ಪೈಪಿನ ಜಾಯಿಂಟುಗಳಲ್ಲಿ ಹೊಗೆ ಸೋರುತ್ತಿದ್ದರೆ ಕರಿ ಗೆರೆ ಕಾಣುತ್ತದೆ.

ನಾಕ್ಸ್, ಅಂದರೆ ನೈಟ್ರೋಜನ್ ಆಕ್ಸೈಡ್, ಅಳೆಯುವ ಸೆನ್ಸರ್ ಎರಡಿವೆ, ಡಬ್ಬಕ್ಕೆ ಮುಂಚೆ ಒಂದು, ಆಮೇಲೆ ಒಂದು. ಅವು ಸುಳ್ಳು ಹೇಳುತ್ತಿವೆಯಾ ಅಂತ ನೋಡಲು ನನ್ನದೊಂದು ಸುಲಭದ ದಾರಿ ಇದೆ. ಸ್ಕ್ಯಾನರ್‌ನಿಂದ ಯೂರಿಯಾ ಚಿಮ್ಮುವುದನ್ನು ನಿಲ್ಲಿಸಿ ಗಾಡಿ ಓಡಿಸಿ. ಒಳಗೆ ಹೀರಿಕೊಂಡಿದ್ದ ಅಮೋನಿಯಾ ಮುಗಿಯಲಿ, ಹದಿನೈದು ಇಪ್ಪತ್ತು ನಿಮಿಷ ಹಿಡಿಯಬಹುದು. ಆಮೇಲೆ ಎರಡೂ ಸೆನ್ಸರು ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಬೇಕು. ತೋರಿಸದಿದ್ದರೆ ಕಳ್ಳ ಸಿಕ್ಕಿದ, ಡಬ್ಬವನ್ನು ಬೈಯಬೇಡಿ. ಇನ್ನೊಂದು ವಿಷಯ. ಈ ಸೆನ್ಸರ್‌ಗೆ ಅಮೋನಿಯಾ ಕೂಡ ನಾಕ್ಸ್ ಥರವೇ ಕಾಣುತ್ತದೆ. ಯೂರಿಯಾ ನಿಲ್ಲಿಸಿದ ತಕ್ಷಣ ಹಿಂದಿನ ಸೆನ್ಸರಿನ ಅಂಕಿ ಏರುವ ಬದಲು ಇಳಿದರೆ, ಅಲ್ಲಿ ಬರುತ್ತಿದ್ದದ್ದು ನಾಕ್ಸ್ ಅಲ್ಲ, ಜಾಸ್ತಿಯಾಗಿ ಸೋರಿದ ಅಮೋನಿಯಾ.

ಎರಡು ಬಿಸಿಯ ಪರೀಕ್ಷೆ

ಇದಿಷ್ಟೂ ಸರಿ ಇದೆ, ಆದರೂ ಕೋಡು ಬರುತ್ತಿದೆ ಅಂದರೆ ಮಾತ್ರ ಈ ಕೆಲಸಕ್ಕೆ ಕೈಹಾಕಿ. ಗಂಧಕದ ವಿಷಕ್ಕೆ ಒಂದು ಗುರುತಿದೆ. ಡಬ್ಬ ತಣ್ಣಗಿದ್ದಾಗ ಕೆಲಸ ಕೆಡುತ್ತದೆ, ಚೆನ್ನಾಗಿ ಕಾದಾಗ ಏನೂ ಆಗದವರ ಹಾಗೆ ನಡೆಯುತ್ತದೆ. ಡ್ರೈವರನ್ನು ಕೇಳಿದರೂ ಅದನ್ನೇ ಹೇಳುತ್ತಾನೆ: ಸಾಲಿನಲ್ಲಿ ನಿಂತಾಗ ಲೈಟು ಹತ್ತುತ್ತದೆ, ಹೈವೇಗೆ ಹೋದರೆ ಆರುತ್ತದೆ.

ಡಬ್ಬದ ಬಿಸಿ 230–250 ಡಿಗ್ರಿ ಇದ್ದಾಗ ಮುಂದಿನ, ಹಿಂದಿನ ನಾಕ್ಸ್ ಬರೆದುಕೊಳ್ಳಿ. ಆ ಬಿಸಿಯಲ್ಲೇ ಐದು ನಿಮಿಷ ನಿಲ್ಲಿಸಿ ಬರೆಯಬೇಕು, ಅಂಕಿ ಓಡುತ್ತಿರುವಾಗ ಅಲ್ಲ. ಆಮೇಲೆ ಲೋಡಿನಲ್ಲಿ ಓಡಿಸಿ 400 ದಾಟಿಸಿ ಮತ್ತೆ ಬರೆಯಿರಿ. ಮುಂದಿನದರಿಂದ ಹಿಂದಿನದನ್ನು ಕಳೆದು, ಮುಂದಿನದರಿಂದ ಭಾಗಿಸಿದರೆ ಡಬ್ಬದ ಮಾರ್ಕ್ಸ್ ಸಿಗುತ್ತದೆ.

ಆ ಟಿಪ್ಪರಿನ ಹಳೆ ಡಬ್ಬದ ಲೆಕ್ಕ ನನ್ನ ನೋಟ್‌ಬುಕ್ಕಿನಲ್ಲಿ ಇನ್ನೂ ಇದೆ. 240 ಡಿಗ್ರಿಯಲ್ಲಿ ಮುಂದೆ 520, ಹಿಂದೆ 260. ಅಂದರೆ ನೂರಕ್ಕೆ 50. 410 ಡಿಗ್ರಿಯಲ್ಲಿ ಮುಂದೆ 700, ಹಿಂದೆ 50. ಅಂದರೆ 93. ಒಂದೇ ಡಬ್ಬ, ಅರ್ಧ ತಾಸಿನ ಅಂತರ. ಕಾಯಿಸಿದ ಮೇಲೆ 240ರಲ್ಲೇ 88 ಬಂತು.

ಎರಡೂ ಬಿಸಿಯಲ್ಲಿ ಒಂದೇ ಥರ ಕೆಟ್ಟಿದ್ದರೆ ತಿರುಗಿ ಯೂರಿಯಾ ಮತ್ತು ಸೆನ್ಸರ್ ಕಡೆ ಹೋಗಿ. ತಣ್ಣಗಿದ್ದಾಗ ಪರವಾಗಿಲ್ಲ, 450ರ ಮೇಲೆ ಹೋದಂತೆ ಕೆಡುತ್ತದೆ ಅಂದರೆ ಅದು ಗಂಧಕ ಅಲ್ಲ. ತಾಮ್ರ ತನ್ನ ಜಾಗ ಬಿಟ್ಟು ಗಂಟು ಕಟ್ಟಿರಬಹುದು, ಅಥವಾ ಡಿಒಸಿ ಅತಿಯಾಗಿ ಕಾದು ಅದರ ಪ್ಲಾಟಿನಂ ಹಾರಿ ಇಲ್ಲಿ ಕೂತಿರಬಹುದು. ಎರಡೂ ಅಮೋನಿಯಾವನ್ನು ಸುಮ್ನೆ ಸುಟ್ಟುಬಿಡುತ್ತವೆ. ಇದಕ್ಕೆ ಕಾಯಿಸುವುದು ಮದ್ದಲ್ಲ.

ಕಾಯಿಸುವುದು

ಮೊದಲು ಟ್ಯಾಂಕು ಖಾಲಿ ಮಾಡಿ. ಇದನ್ನು ಬಿಟ್ಟು ಕಾಯಿಸಿದರೆ ಕೊಚ್ಚೆಯಲ್ಲಿ ನಿಂತು ಕಾಲು ತೊಳೆದ ಹಾಗೆ. ಡೀಸೆಲ್ ಫಿಲ್ಟರ್ ಬದಲಿಸಿ, ನಂಬಿಕೆಯ ಬಂಕಿನಲ್ಲಿ ಅರ್ಧ ಟ್ಯಾಂಕಾದರೂ ತುಂಬಿಸಿ. ಇಂಜಿನ್ ಆಯಿಲ್ ಮಟ್ಟ ಬರೆದಿಟ್ಟುಕೊಳ್ಳಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಟರ್ಬೊ ಆಯಿಲ್ ಸೋರುತ್ತಿದ್ದರೆ ಅದನ್ನು ಮೊದಲು ಸರಿ ಮಾಡಿ.

ಡಿಪಿಎಫ್‌ನಲ್ಲಿ ಎಷ್ಟು ಮಸಿ ಇದೆ ಅಂತ ಸ್ಕ್ಯಾನರ್‌ನಲ್ಲಿ ನೋಡಿ. ಮಿತಿ ಮೀರಿದ್ದರೆ ಬಲವಂತದ ರೀಜನ್ (ಡಬ್ಬ ಕಾಯಿಸಿ ಮಸಿ ಸುಡುವುದು) ಹಾಕಬೇಡಿ. ಮಸಿ ಒಮ್ಮೆಲೇ ಹೊತ್ತಿಕೊಂಡರೆ ಬಿಸಿ ಕೈಮೀರಿ ಡಿಪಿಎಫ್ ಸೀಳುತ್ತದೆ, ಅದರ ಹಿಂದಿರುವ ಜಿಯೊಲೈಟೂ ಹೋಗುತ್ತದೆ. ಅಂಥ ಗಾಡಿಯ ಡಿಪಿಎಫ್ ಬಿಚ್ಚಿ ಶುಚಿ ಮಾಡಿಸಿದ ಮೇಲೆ ಮುಂದಿನ ಮಾತು.

ಜಾಗ ನೋಡಿಕೊಳ್ಳಿ. ನನ್ನ ಮೊದಲ ಸಲ ಶೆಡ್ಡಿನ ಒಳಗೇ ಹಾಕಿದ್ದೆ. ಅರ್ಧ ತಾಸು ಕಳೆದಂತೆ ಬಿಳಿ ಹೊಗೆ, ಪಟಾಕಿ ಹೊಡೆದ ಮೇಲಿನ ವಾಸನೆ, ಕಣ್ಣು ಬಿಡಲಾಗಲಿಲ್ಲ. ಹುಡುಗ ಕೆಮ್ಮುತ್ತಾ ಹೊರಗೋಡಿದ. ಡಬ್ಬ ಬಿಟ್ಟ ಗಂಧಕ ಎಲ್ಲಿಗೆ ಹೋಗಬೇಕು, ನಮ್ಮ ಮೂಗಿಗೇ ಅಲ್ವಾ. ಬಯಲಿನಲ್ಲಿ, ಮೇಲ್ಗಾಳಿ ಕಡೆ ನಿಂತು ಮಾಡಿ. ಕೆಳಗೆ ಒಣಹುಲ್ಲು ಇರಬಾರದು. ಹತ್ತಿ ಹೊಲದ ಪಕ್ಕ, ಜಿನ್ನಿಂಗ್ ಮಿಲ್ಲಿನ ಅಂಗಳ ಬೇಡವೇ ಬೇಡ. ಲೋಡು, ತಾಡಪಾಲು ಇಳಿಸಿ. ಹತ್ತಿರದಲ್ಲಿ ಮೆಣಸಿನಕಾಯಿ ಚೀಲ ಇಟ್ಟುಕೊಂಡು ಯಾರೋ ರೀಜನ್ ಹಾಕಿದ್ದರು ಅಂತ ಕೇಳಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇಂಜಿನ್ ಕಾಯಲಿ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ಸ್ಕ್ಯಾನರ್‌ನಿಂದ ನಿಂತ ಜಾಗದ ರೀಜನ್ ಶುರು ಮಾಡಿ. ಇಂಜಿನ್ ತಾನೇ ಆರ್‌ಪಿಎಂ ಏರಿಸಿಕೊಂಡು ಡಿಒಸಿಗೆ ಡೀಸೆಲ್ ಕಳಿಸುತ್ತದೆ, ಅದು ಅಲ್ಲಿ ಉರಿದು ಬಿಸಿ ಹುಟ್ಟುತ್ತದೆ. ನಿಮ್ಮ ಕಣ್ಣು ಇರಬೇಕಾದದ್ದು ಡಿಒಸಿ ಬಿಸಿಯ ಮೇಲೆ ಅಲ್ಲ, ಎಸ್‌ಸಿಆರ್ ಒಳಬಾಗಿಲಿನ ಬಿಸಿಯ ಮೇಲೆ. ನಡುವೆ ಡಿಪಿಎಫ್ ಇದೆ, ಪೈಪು ಇದೆ, ಗಾಳಿ ಬೀಸುತ್ತದೆ. ಅಲ್ಲಿ 580 ಇದ್ದರೆ ಇಲ್ಲಿ 500 ಕೂಡ ಇರದಿರಬಹುದು. ಜನ ಮೋಸ ಹೋಗುವುದು ಇಲ್ಲಿ. ರೀಜನ್ ಮುಗಿಯಿತು ಅಂತ ಸ್ಕ್ಯಾನರ್ ಹೇಳಿದ್ದು ಮಸಿಯ ಲೆಕ್ಕಕ್ಕೆ. ಮೈಲುತುತ್ತದ ಲೆಕ್ಕ ಅದಕ್ಕೆ ಗೊತ್ತಿಲ್ಲ.

ಎಸ್‌ಸಿಆರ್ ಒಳಗೆ 500 ದಾಟಿದ ಮೇಲೆ ಗಡಿಯಾರ ನೋಡಿ. ನನಗೆ ಫಲ ಸಿಕ್ಕಿದ್ದು 530–560ರಲ್ಲಿ ಅರ್ಧ ತಾಸಿಗಿಂತ ಜಾಸ್ತಿ ನಿಂತಾಗ. ಒಂದು ರೀಜನ್‌ಗೆ ಅಷ್ಟು ಸಿಗದಿದ್ದರೆ, ಪೂರ್ತಿ ಆರಿದ ಮೇಲೆ ಇನ್ನೊಂದು ಸಲ. ಅಥವಾ ರೀಜನ್ ಮುಗಿದ ಬಿಸಿಯಲ್ಲೇ ಲೋಡು ಹಾಕಿಸಿ ಏರು ರಸ್ತೆಯಲ್ಲಿ ಕೆಳ ಗೇರಿನಲ್ಲಿ ಓಡಿಸಿ. 650 ಮುಟ್ಟಿದರೆ ನಾನು ನಿಲ್ಲಿಸುತ್ತೇನೆ. 750–800ರ ಕಡೆ ಹೋದರೆ ನೀರಾವಿ ಜಿಯೊಲೈಟಿನ ಹಂದರವನ್ನೇ ಕೆಡಿಸುತ್ತದೆ, ಆಮೇಲೆ ಯಾರೂ ಏನೂ ಮಾಡಲಾಗದು. ಗಾಡಿ ಕಂಪನಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ.

ಡಬ್ಬ ಬಿಚ್ಚಿ ಗ್ಯಾಸ್ ಬರ್ನರ್ ಹಿಡಿಯುವುದು, ಆಸಿಡ್ ಸುರಿಯುವುದು, ಪ್ರೆಷರ್ ವಾಷರ್ ಹೊಡೆಯುವುದು ಬೇಡ. ಬರ್ನರ್ ಒಂದು ಕಡೆ ಕರಗಿಸಿ ಇನ್ನೊಂದು ಕಡೆ ತಣ್ಣಗೆ ಬಿಡುತ್ತದೆ. ಆಸಿಡ್ ತಾಮ್ರವನ್ನೇ ತೊಳೆದುಕೊಂಡು ಹೋಗುತ್ತದೆ. ತೊಳೆದ ಡಬ್ಬ ಫಳಫಳ ಹೊಳೆಯುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ.

ಮುಗಿದ ಮೇಲೆ ಆಯಿಲ್ ಕಡ್ಡಿ ಎಳೆದು ನೋಡಿ. ಕೆಲವು ಇಂಜಿನ್ನುಗಳಲ್ಲಿ ರೀಜನ್ ಡೀಸೆಲ್ ಸಿಲಿಂಡರ್ ಮೂಲಕವೇ ಹೋಗುತ್ತದೆ. ಅದರಲ್ಲಿ ಒಂದಷ್ಟು ಗೋಡೆಗುಂಟ ಇಳಿದು ಆಯಿಲ್‌ಗೆ ಸೇರುತ್ತದೆ. ಮಟ್ಟ ಏರಿದ್ದರೆ, ಆಯಿಲ್ ನೀರಾಗಿದ್ದರೆ ಬದಲಿಸಿ. ಮೊದಲೇ ಬರೆದಿಡಿ ಅಂದಿದ್ದು ಇದಕ್ಕೆ.

ಮರುದಿನ ಬೆಳಿಗ್ಗೆ ತಣ್ಣಗಿನ ಗಾಡಿ ಸ್ಟಾರ್ಟ್ ಮಾಡಿ, 230–250ರ ಪರೀಕ್ಷೆ ತಿರುಗಿ ಮಾಡಿ. ಮಾರ್ಕ್ಸ್ ಚೆನ್ನಾಗಿ ಏರಿದ್ದರೆ ಗಂಧಕವೇ ಅಂತ ಖಾತ್ರಿ. ಹೊಸದರಷ್ಟೇ ಬರಲಿ ಅಂತ ಕಾಯಬೇಡಿ. ತಾಮ್ರದ ಒಂದು ಪಾಲು ಹಿಡಿತ ಬಿಡುವುದೇ ಇಲ್ಲ. ಎರಡು ಸಲ ಸರಿಯಾಗಿ ಕಾಯಿಸಿದರೂ ಅಂಕಿ ಅಲುಗಾಡದಿದ್ದರೆ ಆಗ ಡಬ್ಬದ ಬೆಲೆ ಕೇಳಿ. ಅದಕ್ಕೂ ಮೊದಲು ಅಲ್ಲ. ಡಬ್ಬ ಕಿತ್ತು ಖಾಲಿ ಪೈಪು ಹಾಕಿ, ಕಂಪ್ಯೂಟರಿಗೆ ಸುಳ್ಳು ಹೇಳುವ ಡಬ್ಬಿ ಕೂರಿಸಿ ಅಂತ ಕೇಳುವವರೂ ಇದ್ದಾರೆ. ನಾನು ಮಾಡುವುದಿಲ್ಲ. ಹೊಗೆ ನಿಯಮ ಮೀರಿದರೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಅಂತ ಕಾನೂನೇ ಇದೆ. ಜೊತೆಗೆ ಕುಡತಿನಿಯ ಗಾಳಿ ಈಗಿರುವುದೇ ಸಾಕು.

ಮತ್ತೆ ಏರದ ಹಾಗೆ

ಡೀಸೆಲ್‌ನ ಗಂಧಕ ಕಣ್ಣಿಗೆ ಕಾಣದು, ಮೂಗಿಗೂ ಸಿಗದು. ಬಂಕಿನಲ್ಲಿ ಡೆನ್ಸಿಟಿ ತೋರಿಸಿ ಅಂತ ಕೇಳಬಹುದು. ಹೈಡ್ರೋಮೀಟರ್, ಥರ್ಮಾಮೀಟರ್, ಆ ದಿನದ ಲೆಕ್ಕ ಅವರಲ್ಲಿ ಇರಬೇಕು. 15 ಡಿಗ್ರಿ ಲೆಕ್ಕಕ್ಕೆ ತಂದಾಗ ಲೀಟರಿಗೆ 845 ಗ್ರಾಂಗಿಂತ ಜಾಸ್ತಿ ಇರಬಾರದು. ಆದರೆ ಇದು ಬೆರಕೆ ಹಿಡಿಯುತ್ತದೆಯೇ ಹೊರತು ಗಂಧಕವನ್ನಲ್ಲ. ಗಂಧಕದ ಪಿಪಿಎಂ ಬೇಕೆಂದರೆ ಲ್ಯಾಬೇ ಗತಿ. ಹತ್ತು ಗಾಡಿ ಇರುವ ಮಾಲೀಕರು, ಯಾರ್ಡಿನಲ್ಲಿ ಸ್ವಂತ ಟ್ಯಾಂಕು ಇಟ್ಟವರು ಒಂದು ಸ್ಯಾಂಪಲ್ ಕಳಿಸುವುದರಲ್ಲಿ ನಷ್ಟವಿಲ್ಲ. ಹಳೆ ಬ್ಯಾರೆಲ್ಲು, ಹಿಂದೆ ಬೇರೆ ಎಣ್ಣೆ ತುಂಬಿದ್ದ ಕ್ಯಾನು, ಇವೂ ಸಾಕು ಹತ್ತು ಪಿಪಿಎಂ ಕೆಡಿಸಲು.

ಇಂಜಿನ್ ಆಯಿಲ್ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಿಎಸ್-6ಕ್ಕೆ ಹೇಳಿದ ಸಿಕೆ-4 ಗ್ರೇಡಿನಲ್ಲೂ ಶೇಕಡಾ 0.4ರವರೆಗೆ ಗಂಧಕ ಇರಬಹುದು. 1000 ಲೀಟರ್ ಡೀಸೆಲ್‌ಗೆ ಗಾಡಿ 1 ಲೀಟರ್ ಆಯಿಲ್ ತಿಂದರೆ ಅದರಿಂದಲೇ ಮೂರು ಗ್ರಾಂ ಮೇಲೆ ಬರುತ್ತದೆ. ಅಷ್ಟು ಡೀಸೆಲ್‌ನಿಂದ ಬರುವುದೇ ಎಂಟು ಗ್ರಾಂ ಚಿಲ್ಲರೆ. ಆಯಿಲ್ ತಿನ್ನುವ ಇಂಜಿನ್ನಿನ ಡಬ್ಬ ಬಾಳುವುದಿಲ್ಲ. ಹಳೆ ಲಾರಿಗೆ ತಂದ ಆಯಿಲ್ ಮಿಕ್ಕಿದೆ ಅಂತ ಇದಕ್ಕೆ ಸುರಿಯಬೇಡಿ. ಅದರಲ್ಲಿ ಬೂದಿ, ರಂಜಕ ಕೂಡ ಜಾಸ್ತಿ.

ನಿಮ್ಮ ಬಳಿ ಯೂರಿಯಾ ಹಾಕುವ ಬಿಎಸ್-4 ಲಾರಿ ಇದ್ದರೆ ಅದರಲ್ಲಿ ಸಾಮಾನ್ಯವಾಗಿ ಜಿಯೊಲೈಟ್ ಇರುವುದಿಲ್ಲ, ವನೇಡಿಯಂ ಇರುತ್ತದೆ. ಅದು ಗಂಧಕಕ್ಕೆ ಅಷ್ಟು ಹೆದರುವುದಿಲ್ಲ, ಅತಿಯಾದ ಬಿಸಿಗೆ ಹೆದರುತ್ತದೆ. ಮೇಲೆ ಹೇಳಿದ ಕಾಯಿಸುವ ಕೆಲಸ ಅದಕ್ಕೆ ಮಾಡಬೇಡಿ.

ಡ್ರೈವರಿಗೆ ಎರಡು ಮಾತು. ರೀಜನ್ ಲೈಟು ಬಂದಾಗ ತಡೆಯುವ ಬಟನ್ ಒತ್ತಬೇಡ, ಲೋಡಿಂಗ್ ಪಾಯಿಂಟಿನಲ್ಲಿ ಒತ್ತಲೇಬೇಕಾದರೆ ಹೊರಗೆ ಬಂದ ತಕ್ಷಣ ತೆಗೆ. ವೇಬ್ರಿಜ್ಜಿನ ಸಾಲು ಉದ್ದ ಇದ್ದರೆ ಇಂಜಿನ್ ಆಫ್ ಮಾಡು. ಬೇಸಿಗೆಯಲ್ಲಿ ಎಸಿ ಬೇಕು ಅಂತಾರೆ, ಅದೂ ಸರಿಯೇ. 43 ಡಿಗ್ರಿಯಲ್ಲಿ ಕ್ಯಾಬಿನ್ನಿನಲ್ಲಿ ಕೂತು ನೋಡಿದವರಿಗೆ ಗೊತ್ತು. ಹಾಗಾಗಿ ಅದಿರು ಹೊಡೆಯುವ ಗಾಡಿಗಳಿಗೆ ನಾನು ತಿಂಗಳಿಗೊಮ್ಮೆ ಎರಡು ಬಿಸಿಯ ಪರೀಕ್ಷೆ ಮಾಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ತಣ್ಣಗಿನ ಮಾರ್ಕ್ಸ್ 80ರ ಕೆಳಗೆ ಇಳಿಯುತ್ತಿದ್ದಂತೆ ಲೈಟು ಬರುವುದಕ್ಕೆ ಮುಂಚೆಯೇ ಕಾಯಿಸುತ್ತೇನೆ.

ಆ ಮಾಲೀಕರ ಹೊಸ ಡಬ್ಬ ಏನಾಯಿತು ಅಂತ ಕೇಳುತ್ತೀರಿ. ಅದನ್ನೂ ಕಾಯಿಸಿದೆ, 91 ಬಂತು. ಅದೇ ಮಾಡೆಲಿನ ಅವರ ಎರಡನೇ ಟಿಪ್ಪರಿನ ಡಬ್ಬ ಹೋದ ವರ್ಷ ಆ್ಯಕ್ಸಿಡೆಂಟಿನಲ್ಲಿ ಒಡೆದಾಗ ಇದನ್ನೇ ಹಾಕಿದೆವು. ಕೂಲಿ ತೆಗೆದುಕೊಳ್ಳಲಿಲ್ಲ.